ಸಭಿಕರ ಮತವೂ ಸಮ್ಮೇಳನದ ಕಾರ್ಯಕ್ರಮವೂ

ತಂತ್ರಜ್ಞಾನ ಸಮ್ಮೇಳನಗಳಿಗೆ ಈಗ ನಮ್ಮ ದೇಶದಲ್ಲಿ ಕೊರತೆಯಿಲ್ಲ. ಬೆಂಗಳೂರು ನಗರವೊಂದರಲ್ಲಿಯೇ ವರ್ಷದುದ್ದಕ್ಕೂ ಒಂದಲ್ಲ ಒಂದು ನಡೆಯುತ್ತಲೇ ಇರುವುದು. ತಂತ್ರಾಂಶವನ್ನು ರಚಿಸುವವರು, ಅದನ್ನು ಮಾರುವವರು, ಅದರಿಂದ ಕೆಲಸ ತೆಗೆಯುವವರು, ವಿದ್ಯಾರ್ಥಿಗಳು, ಸರ್ಕಾರದ ಅಧಿಕಾರಿಗಳು ಒಂದೆಡೆ ಸೇರಿ ಎರಡು ಮೂರು ದಿನ ಭಾಷಣಗಳನ್ನು ಕೇಳಿ ಹಿಂದಿರುಗುತ್ತಾರೆ. ಇಂತಹ ಕೂಟಗಳಿಂದ ಪ್ರಯೋಜನವಿದೆಯೆಂಬುದನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಅಲ್ಲಿ ಯಾವ ವಿಷಯವು ಚರ್ಚೆಗೆ ಬರಬೇಕು, ಯಾರು ಮಾತನಾಡಬೇಕು, ಯಾವುದಕ್ಕೆ ಎಷ್ಟು ಹೊತ್ತು ಸಲ್ಲಬೇಕು ಎಂಬುದನ್ನು ಗೊತ್ತುಮಾಡುವವರು ಯಾರು? ಅನೇಕ ಕಡೆಗಳಲ್ಲಿ ನಾಲ್ಕಾರು ಮಂದಿಯ ಒಂದು ಸಮಿತಿ. ಹಣ ತೆತ್ತು ದೂರದಿಂದ ಬಂದು ಕುಳಿತುಕೊಳ್ಳುವ ನೂರಾರು ಸಭಿಕರಿಗೆ ಈ ವಿಚಾರದಲ್ಲಿ ಬಾಯಿಲ್ಲ. ಇದು ಸರಿಯೇ ಎಂಬುದೇ ನಮ್ಮ ಇಂದಿನ ಪ್ರಶ್ನೆ.

ಇದು ಅಲ್ಪವಿಷಯವೆಂದು ಕೆಲವರು ತಿಳಿಯಬಹುದು. ಲೆಕ್ಕ ಹಾಕಿ ನೋಡಲಿ. ಆರುನೂರು ಮಂದಿ ಒಂದು ಗಂಟೆ ಕುಳಿತು ನಿರುಪಯುಕ್ತವಾದ ಭಾಷಣವನ್ನು ಕೇಳಿದರೆ ಆರುನೂರು ಗಂಟೆಗಳ ದುಡಿಮೆ ನಷ್ಟವಾಯಿತು; ಒಬ್ಬ ನೌಕರನ ಮೂರು ತಿಂಗಳಿಗೆ ಮೀರಿದ ಕೆಲಸವು ಒಂದೇ ಗಂಟೆಯಲ್ಲಿ ಹರಿದುಹೋಯಿತು. ಕಾರ್ಯಕರ್ತರು ಇದಕ್ಕೆ ಪರಿಹಾರವೆಂದು ಸಮ್ಮೇಳನವು ಮುಗಿದ ಮೇಲೆ ಅಭಿಪ್ರಾಯದ ಪತ್ರವೊಂದನ್ನು ಕೈಗೆ ಕೊಡುತ್ತಾರೆ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ ಇದು. ಕೇಳತಕ್ಕ ಕಾಲವು ಸಮ್ಮೇಳನದ ಹಿಂದಲ್ಲ, ಮುಂದೆ. ಕಾರ್ಯಕ್ರಮವು ಅಚ್ಚಾದ ಮೇಲಲ್ಲ, ಅಚ್ಚಾಗುವುದಕ್ಕೆ ಮೂರು ನಾಲ್ಕು ತಿಂಗಳು ಮೊದಲು.

ಇದಕ್ಕೆ ತಜ್ಞರಾದವರು ಒಂದು ಆಕ್ಷೇಪಣೆಯನ್ನು ತರುವುದುಂಟು. ಹೊಸದೇನೆಂಬುದು ಸಭಿಕರಿಗೆ ತಿಳಿಯದು. ತಿಳಿದಿದ್ದರೆ ಅವರು ಸಮ್ಮೇಳನಕ್ಕೆ ಬರಬೇಕಾಗಿರಲಿಲ್ಲ. ಅವರನ್ನು ಕೇಳಿದರೆ ಕಳೆದ ವರ್ಷ ಕೇಳಿದ್ದನ್ನೇ ಮತ್ತೆ ಬೇಡುವರು ಎಂದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ರೋಗಿಗೆ ಔಷಧಿಯ ಹೆಸರು ತಿಳಿಯದೆಂಬುದು ದಿಟ. ಆದರೆ ನೋವು ಎಲ್ಲಿದೆಯೆಂಬುದು ಅವನಿಗಲ್ಲದೆ ಮತ್ತಾರಿಗೂ ತಿಳಿಯದು. ನಾಡಿಯನ್ನು ಹಿಡಿಯದೆ, ಒಂದು ಮಾತನ್ನೂ ಕೇಳದೆ ಕಷಾಯವನ್ನು ಕುಡಿಸುವ ವೈದ್ಯನನ್ನು ನಾವು ಪಂಡಿತನೆನ್ನುವುದಿಲ್ಲ. ಆದುದರಿಂದ ಕೇಳಬೇಕೇ ಬೇಡವೇ ಎಂಬುದು ವಿವಾದಕ್ಕೆ ಅರ್ಹವಲ್ಲ. ಏನನ್ನು ಕೇಳಬೇಕು, ಯಾರನ್ನು ಕೇಳಬೇಕು, ಕೇಳಿದ್ದನ್ನು ಹೇಗೆ ತೂಗಬೇಕು ಎಂಬುದೇ ವಿಚಾರಾರ್ಹವಾದದ್ದು.

ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಆಸ್ಟಿನ್ ನಗರದಲ್ಲಿ 1987ರಲ್ಲಿ ಆರಂಭವಾದ ಸೌತ್ ಬೈ ಸೌತ್‌ವೆಸ್ಟ್ ಎಂಬ ಉತ್ಸವವು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಸಂಗೀತದಿಂದ ಹೊರಟ ಆ ಉತ್ಸವವು ಕ್ರಮೇಣ ತಂತ್ರಜ್ಞಾನದ ದೊಡ್ಡ ಸಮ್ಮೇಳನವಾಗಿಯೂ ಬೆಳೆಯಿತು. ಅಲ್ಲಿ ‘ಪ್ಯಾನೆಲ್ ಪಿಕರ್’ ಎಂಬ ಏರ್ಪಾಡನ್ನು ಮಾಡಿ, ಗೋಷ್ಠಿಗಳ ಪ್ರಸ್ತಾವಗಳನ್ನೆಲ್ಲ ಬಹಿರಂಗವಾಗಿ ಮುಂದಿಟ್ಟು ಜನರ ಮತವನ್ನು ಕೇಳಿದರು. 2010ರ ದಶಕದಲ್ಲಿ ಅವರು ಪ್ರಕಟಿಸಿದ್ದ ನಿಯಮದಂತೆ ಜನರ ಮತಕ್ಕೆ ನೂರಕ್ಕೆ 30, ಸಲಹಾಮಂಡಳಿಗೆ 40, ಉತ್ಸವದ ಕಾರ್ಯಕರ್ತರಿಗೆ 30 ಎಂದು ತೂಕವನ್ನು ಹಂಚಲಾಗಿತ್ತು. ಜನರನ್ನು ಕೇಳಿದರು, ಆದರೆ ಎಲ್ಲವನ್ನೂ ಅವರ ಮತಕ್ಕೇ ಒಪ್ಪಿಸಿಬಿಡಲಿಲ್ಲ. ತಜ್ಞರನ್ನು ಕೂರಿಸಿದರು, ಆದರೆ ಅವರನ್ನು ನಿರಂಕುಶರನ್ನಾಗಿ ಮಾಡಲಿಲ್ಲ. ಈ ಹಂಚಿಕೆಯ ಅಂಕಿಗಳಲ್ಲಿ ಭಿನ್ನಾಭಿಪ್ರಾಯವಿರಬಹುದು, ತತ್ತ್ವದಲ್ಲಿ ಇರಲಾರದು.

ಜನಮತಕ್ಕೆ ಪೂರ್ಣಾಧಿಕಾರವನ್ನು ಏಕೆ ಕೊಡಬಾರದೆಂದು ನಮ್ಮ ಪ್ರಜಾಪ್ರಭುತ್ವವಾದಿ ಮಿತ್ರರು ಕೇಳಬಹುದು. ಬಹಿರಂಗವಾದ ಮತದಾನದಲ್ಲಿ ಗೆಲ್ಲುವುದು ಉತ್ತಮ ವಿಷಯವೇ ಎಂಬ ಭರವಸೆಯಿಲ್ಲ. ಪರಿಚಯ ಹೆಚ್ಚಾಗಿರುವವನು, ದೊಡ್ಡ ಕಂಪೆನಿಯಲ್ಲಿದ್ದು ಸಹೋದ್ಯೋಗಿಗಳೆಲ್ಲರಿಂದ ಮತ ಹಾಕಿಸಬಲ್ಲವನು ಗೆಲ್ಲುತ್ತಾನೆ. ಮೂಲೆಯಲ್ಲಿ ಕುಳಿತು ಐದು ವರ್ಷ ದುಡಿದು ಒಂದು ಸಂಗತಿಯನ್ನು ಸಾಧಿಸಿದವನು ಸೋಲುತ್ತಾನೆ. ಮತ್ತೂ ಒಂದು ಅಪಾಯವಿದೆ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯು ಸುಮಾರು ಒಂದು ಕೋಟಿ ಮಂದಿಗೆ ಕಾಗದ ಕಳುಹಿಸಿ, ಇಪ್ಪತ್ತು ಲಕ್ಷಕ್ಕೂ ಮೀರಿ ಉತ್ತರಗಳನ್ನು ಪಡೆದು, ಅಧ್ಯಕ್ಷರ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುವರೆಂದು ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ಸಂಸ್ಥಾನಗಳಲ್ಲಿ 46ರಲ್ಲಿ. ಪತ್ರಿಕೆಯು ವಿಳಾಸಗಳನ್ನು ಆರಿಸಿದ್ದು ಬಹುಮಟ್ಟಿಗೆ ಟೆಲಿಫೋನು, ಮೋಟಾರುಗಾಡಿ ಉಳ್ಳವರ ಪಟ್ಟಿಗಳಿಂದ. ಉತ್ತರ ಬರೆದವರೂ ನಾಲ್ವರಲ್ಲಿ ಒಬ್ಬರು ಮಾತ್ರ. ಉತ್ತರಗಳ ರಾಶಿ ಎಷ್ಟೇ ದೊಡ್ಡದಾಗಿರಲಿ, ಉತ್ತರ ಕೊಡದವರ ಮನಸ್ಸು ಅದರಲ್ಲಿಲ್ಲ. ಸಮ್ಮೇಳನದ ಕಾರ್ಯಕರ್ತರು ಕಳೆದ ವರ್ಷ ಬಂದವರನ್ನೇ ಕೇಳಿದರೆ, ಬೇಸತ್ತು ಬಾರದೆ ಹೋದವನೂ ಹಣವಿಲ್ಲದೆ ಬರಲಾರದವನೂ ಲೆಕ್ಕದಿಂದ ಹೊರಗೇ ಉಳಿಯುವರು. ಅಂಥವರನ್ನು ಹುಡುಕಿ ಕೇಳುವುದೇ ನಿಜವಾದ ಶ್ರಮ.

ಹುಡುಕಿದರೆ ಫಲವುಂಟೆಂಬುದಕ್ಕೆ ಸಾಕ್ಷ್ಯವಿದೆ. ಬರ್ಲಿನ್ ನಗರದ ಜೆಎಸ್‌ಕಾನ್ಫ್ ಇಯು ಸಮ್ಮೇಳನದವರು 2012ರಲ್ಲಿ, ಸ್ವಯಂ ಮುಂದೆ ಬಾರದಿದ್ದ ಸ್ತ್ರೀಯರನ್ನು ಪ್ರಸ್ತಾವ ಕಳುಹಿಸಿರೆಂದು ಪ್ರೋತ್ಸಾಹಿಸಿದರು. ಬಂದ ಪ್ರಸ್ತಾವಗಳನ್ನು ಬರೆದವರ ಹೆಸರನ್ನು ಮರೆಮಾಡಿ ಪರಿಶೀಲಿಸಿದರು. ಭಾಷಣಕಾರರಲ್ಲಿ ನಾಲ್ಕನೆಯ ಒಂದು ಪಾಲು ಸ್ತ್ರೀಯರಾದರು. ಇದಕ್ಕಾಗಿ ಯೋಗ್ಯತೆಯನ್ನು ತಗ್ಗಿಸಲಿಲ್ಲ, ಸ್ಥಾನಗಳನ್ನು ಕಾದಿರಿಸಲೂ ಇಲ್ಲ. ಕರೆ ಎಲ್ಲರಿಗೂ ಮುಟ್ಟಿತು, ಹೆಸರಿನ ಪ್ರಭಾವವು ತಪ್ಪಿತು, ಅಷ್ಟೆ.

ಇನ್ನು ಏನನ್ನು ಕೇಳಬೇಕೆಂಬ ವಿಷಯ. ‘ನಿಮಗೆ ಯಾವ ವಿಷಯ ಬೇಕು?’ ಎಂದು ಕೇಳಿದರೆ, ಆ ವರ್ಷ ಎಲ್ಲರ ಬಾಯಲ್ಲಿರುವ ಹೆಸರೇ ಉತ್ತರವಾಗಿ ಬರುವುದು. ಇಂದು ಕೃತಕ ಬುದ್ಧಿಮತ್ತೆ, ನಾಳೆ ಮತ್ತೊಂದು. ಅದರ ಬದಲು ‘ಕಳೆದ ಆರು ತಿಂಗಳಲ್ಲಿ ನಿಮ್ಮ ಕೆಲಸವನ್ನು ಎರಡು ದಿನ ನಿಲ್ಲಿಸಿದ ತೊಂದರೆ ಯಾವುದು?’ ಎಂದು ಕೇಳಬೇಕು. ಆಗ ಬರುವ ಉತ್ತರಗಳೇ ಬೇರೆ. ಅಂತರಜಾಲದ ನಿಯಮಗಳನ್ನು ರಚಿಸುವ ಐಇಟಿಎಫ್ ಎಂಬ ಮಂಡಲಿಯು 1986ರಲ್ಲಿ ಸ್ಯಾನ್ ಡಿಯೇಗೋ ನಗರದಲ್ಲಿ 21 ಮಂದಿಯಿಂದ ಆರಂಭವಾಯಿತು. ಅಲ್ಲಿ ಹೊಸ ಕೆಲಸವನ್ನು ಕೈಗೊಳ್ಳುವ ಮುನ್ನ ಅನೇಕ ವೇಳೆ ಸಮಾನಾಸಕ್ತರ ಗೋಷ್ಠಿಯೊಂದನ್ನು ನಡೆಸುತ್ತಾರೆ. ಬಗೆಹರಿಸಬೇಕಾದ ತೊಂದರೆ ಯಾವುದೆಂಬುದು ಸ್ಪಷ್ಟವಾಗಿದೆಯೇ, ಅದಕ್ಕಾಗಿ ಬರೆಯುವುದಕ್ಕೂ ಬರೆದುದನ್ನು ಓದಿ ತಿದ್ದುವುದಕ್ಕೂ ಎಷ್ಟು ಮಂದಿ ಸಿದ್ಧರು ಎಂದು ಅಲ್ಲಿ ಕೇಳುತ್ತಾರೆ. ಸಭೆಯ ಒಲವನ್ನು ತಿಳಿಯಲು ತಲೆಗಳನ್ನು ಎಣಿಸದೆ, ಸಭಿಕರು ಹೂಂಗುಟ್ಟುವ ಧ್ವನಿಯನ್ನು ಆಲಿಸುವ ವಾಡಿಕೆಯೂ ಅಲ್ಲಿ ಉಂಟು. ಬರಿಯ ಆಸೆಗೂ ದುಡಿಯುವ ಮನಸ್ಸಿಗೂ ಇರುವ ಅಂತರವನ್ನು ಅರಿತವರ ಪದ್ಧತಿ ಇದು.

ಕಾರ್ಯಕ್ರಮವನ್ನೇ ಮುಂಚಿತವಾಗಿ ಗೊತ್ತುಮಾಡದೆ ಸಭೆಗೇ ಬಿಟ್ಟುಬಿಡುವ ಪದ್ಧತಿಯೂ ಇದೆ. ಸಮ್ಮೇಳನದಲ್ಲಿ ಜನರಿಗೆ ನಿಜವಾಗಿ ಹಿಡಿಸುವುದು ನಡುವಣ ಕಾಫಿಯ ವಿರಾಮವೇ ಎಂದು ಕಂಡುಕೊಂಡ ಹ್ಯಾರಿಸನ್ ಓವೆನ್ ಎಂಬುವರು 1985ರಲ್ಲಿ ‘ಓಪನ್ ಸ್ಪೇಸ್’ ಎಂಬ ಕ್ರಮವನ್ನು ಬಳಕೆಗೆ ತಂದರು. ಬಂದವರೇ ಗೋಡೆಯ ಮೇಲೆ ವಿಷಯಗಳನ್ನು ಬರೆದು ಅಂಟಿಸುವುದು. ಕುಳಿತಲ್ಲಿ ಕಲಿಯುವುದೂ ಕಲಿಸುವುದೂ ಇಲ್ಲವೆಂದು ಕಂಡವನು ನಿಸ್ಸಂಕೋಚವಾಗಿ ಎದ್ದು ಬೇರೆ ಗೋಷ್ಠಿಗೆ ಹೋಗುವುದು. 2005ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋ ನಗರದಲ್ಲಿ ಸೇರಿದ ಮೊದಲ ‘ಬಾರ್‌ಕ್ಯಾಂಪ್’ ಇದೇ ಜಾಡಿನದು. ಆಹ್ವಾನಿತರಿಗೆ ಮಾತ್ರ ಪ್ರವೇಶವಿದ್ದ ಕೂಟವೊಂದಕ್ಕೆ ಎದುರಾಗಿ, ಒಂದು ವಾರದೊಳಗೆ ಸಿದ್ಧವಾದ ಆ ಕೂಟದ ಮಾದರಿಯು ಬೇಗನೆ ಅನೇಕ ದೇಶಗಳಿಗೆ ಹಬ್ಬಿತು. ಇಡೀ ಸಮ್ಮೇಳನವನ್ನು ಹೀಗೆ ನಡೆಸಬೇಕೆಂದು ನಾವು ಹೇಳುವುದಿಲ್ಲ. ದೂರದಿಂದ ಬರುವವನಿಗೆ ತಾನು ಏನನ್ನು ಕೇಳಲು ಹೋಗುತ್ತಿರುವೆನೆಂಬುದು ಮೊದಲೇ ತಿಳಿದಿರಬೇಕು. ಆದರೆ ದಿನಕ್ಕೆ ಎರಡು ಗಂಟೆಯನ್ನಾದರೂ ಹೀಗೆ ತೆರೆದಿಡುವುದಕ್ಕೆ ಅಡ್ಡಿಯೇನು?

ನಮ್ಮ ನಗರಕ್ಕೆ ಇದೆಲ್ಲ ಪರಕೀಯವೂ ಅಲ್ಲ. 2001ರಲ್ಲಿ ‘ಲಿನಕ್ಸ್ ಬ್ಯಾಂಗಲೋರ್’ ಎಂದು ಆರಂಭವಾಗಿ, 2005ರಿಂದ ‘ಫಾಸ್ ಡಾಟ್ ಇನ್’ ಎಂಬ ಹೆಸರಿನಿಂದ ನಡೆದ ಸಮ್ಮೇಳನವನ್ನು ಸ್ವಯಂಸೇವಕರೇ ನಡೆಸಿದರು. ಬರಬರುತ್ತ ಅದು ಬರಿಯ ಭಾಷಣಗಳನ್ನು ಕಡಿಮೆಮಾಡಿ, ಒಟ್ಟಿಗೆ ಕುಳಿತು ಕೆಲಸಮಾಡುವ ಗೋಷ್ಠಿಗಳಿಗೆ ಸ್ಥಾನ ಕೊಟ್ಟಿತು. ಪೈಥಾನ್ ಬಳಸುವವರ ‘ಪೈಕಾನ್ ಇಂಡಿಯಾ’ ಸಮ್ಮೇಳನವು 2009ರಲ್ಲಿ ಮೊದಲ ಸಲ ಸೇರಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಬೆಂಗಳೂರಿನ ಹ್ಯಾಸ್‌ಗೀಕ್ ಸಂಸ್ಥೆಯು ತನ್ನ ಸಮ್ಮೇಳನಗಳಿಗೆ ಬಂದ ಪ್ರಸ್ತಾವಗಳನ್ನು ಎಲ್ಲರೂ ಓದಿ ಟೀಕಿಸುವಂತೆ ಬಹಿರಂಗವಾಗಿಡುವ ಪದ್ಧತಿಯನ್ನು ರೂಢಿಗೆ ತಂದಿತು. ಖಾಸಗಿಯವರಿಗೂ ಸ್ವಯಂಸೇವಕರಿಗೂ ಸಾಧ್ಯವಾದದ್ದು ಸರ್ಕಾರದ ಕೂಟಗಳಿಗೆ ಅಸಾಧ್ಯವೆಂದು ಹೇಳಲು ಕಾರಣವಿಲ್ಲ.

ಸರ್ಕಾರದ ಮಾತನ್ನು ನಾವು ಬೇಕೆಂದೇ ಎತ್ತಿದ್ದೇವೆ. 1998ರಲ್ಲಿ ಆರಂಭವಾಗಿ ಈಗ ಬೆಂಗಳೂರು ಟೆಕ್ ಸಮ್ಮಿಟ್ ಎಂದು ಹೆಸರಾಗಿರುವ ಸಮ್ಮೇಳನವು ಕರ್ನಾಟಕ ಸರ್ಕಾರದ್ದು. ಉದ್ಯಮಿಗಳ, ವಿದೇಶೀಯರ ಗಮನವನ್ನು ಸೆಳೆಯುವುದು ಅದರ ಯೋಗ್ಯವಾದ ಉದ್ದೇಶಗಳಲ್ಲೊಂದು. ಆದರೆ ಪ್ರಜೆಗಳ ಹೆಸರಿನಲ್ಲಿ ನಡೆಯುವ ಕೂಟದಲ್ಲಿ ಪ್ರಜೆಗಳ ಪ್ರಶ್ನೆಗೂ ಒಂದು ಪಾಲು ಸಲ್ಲಬೇಕು. ‘ಭೂಮಿ’ ಯೋಜನೆಯಲ್ಲಿ 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ ಎರಡು ದಶಕಗಳೇ ಕಳೆದಿವೆ. ಸುಮಾರು 67 ಲಕ್ಷ ಭೂಹಿಡುವಳಿದಾರರಿಗೆ ಸಂಬಂಧಿಸಿದ ಆ ಕೆಲಸವು ನಮ್ಮ ನಾಡಿಗೆ ಕೀರ್ತಿ ತಂದಿತು. ಅಂತಹ ತಂತ್ರಾಂಶಗಳ ಮುಂದೆ ದಿನವಿಡೀ ಕುಳಿತುಕೊಳ್ಳುವ ತಾಲ್ಲೂಕು ಕಚೇರಿಯ ಗುಮಾಸ್ತನಿಗೆ, ಗ್ರಾಮದ ಲೆಕ್ಕಾಧಿಕಾರಿಗೆ, ಕಿಟಕಿಯ ಈಚೆ ಸಾಲಿನಲ್ಲಿ ನಿಲ್ಲುವ ರೈತನಿಗೆ ತಂತ್ರಜ್ಞಾನದ ವಿಷಯದಲ್ಲಿ ಹೇಳತಕ್ಕದ್ದು ಏನೂ ಇಲ್ಲವೇ? ಅವರಿಂದ ಒಂದು ಪ್ರಶ್ನೆಯನ್ನೂ ತರಿಸಿಕೊಳ್ಳದೆ ಆಡಳಿತದ ತಂತ್ರಜ್ಞಾನವನ್ನು ಕುರಿತು ಗೋಷ್ಠಿ ನಡೆಸುವುದು ಮದುಮಗನಿಲ್ಲದ ಮದುವೆಯಂತೆ.

1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ಅದರಲ್ಲಿದ್ದವರು 144 ಮಂದಿ. ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಆದರೂ ಆಡಳಿತವು ತನ್ನ ವರದಿಯನ್ನು ಪ್ರಜೆಗಳ ಮುಂದಿಟ್ಟು ಅವರ ಅಹವಾಲನ್ನು ಕೇಳಬೇಕೆಂಬ ಸಂಪ್ರದಾಯವು ಅಲ್ಲಿ ಬೇರೂರಿತು. ಆ ಸಭೆಗಿಂತ ಎಷ್ಟೋ ಸುಲಭವಾಗಿ, ಕೈಯಲ್ಲಿರುವ ಮೊಬೈಲಿನ ಮೂಲಕವೇ, ಇಂದು ಲಕ್ಷಾಂತರ ಮಂದಿಯನ್ನು ಕೇಳಬಹುದು. ಸಾಧನವು ಬೆಳೆದಿರುವಷ್ಟು ಕೇಳುವ ಮನಸ್ಸೂ ಬೆಳೆಯಬೇಕು.

ಸಮ್ಮೇಳನಗಳ ಕಾರ್ಯಕರ್ತರಲ್ಲಿ ನಮ್ಮ ಸೂಚನೆಗಳು ಇಷ್ಟು. ಮೊದಲನೆಯದಾಗಿ, ನಾಲ್ಕು ತಿಂಗಳು ಮುಂಚಿತವಾಗಿ ಮೂರೇ ಪ್ರಶ್ನೆಗಳ ಒಂದು ಪತ್ರವನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಹೊರಡಿಸಲಿ: ನಿಮ್ಮ ತೊಂದರೆ ಏನು, ಅದನ್ನು ಬಲ್ಲವರು ಯಾರು, ನೀವು ಇತರರಿಗೆ ಏನನ್ನು ಹೇಳಬಲ್ಲಿರಿ? ಮೂವತ್ತು ಪ್ರಶ್ನೆಗಳ ಪತ್ರವನ್ನು ಬಿಡುವಿದ್ದವನು ಮಾತ್ರ ತುಂಬುತ್ತಾನೆ, ಕೆಲಸವಿದ್ದವನು ಹರಿದೊಗೆಯುತ್ತಾನೆ. ಎರಡನೆಯದಾಗಿ, ಜಿಲ್ಲೆಗಳ ಇಂಜಿನಿಯರಿಂಗ್ ಕಾಲೇಜುಗಳಿಗೂ ತಾಲ್ಲೂಕು ಕಚೇರಿಗಳಿಗೂ ಅದು ಮುಟ್ಟಲಿ; ಉತ್ತರ ಬಾರದ ಕಡೆಯಲ್ಲಿ ಹತ್ತಿಪ್ಪತ್ತು ಮಂದಿಯನ್ನು ನೇರವಾಗಿ ಕಂಡು ಕೇಳಲಿ. ಮೂರನೆಯದಾಗಿ, ಉತ್ತರಗಳನ್ನು ಬರಿದೆ ಎಣಿಸದೆ, ಒಂದೇ ಬಗೆಯ ತೊಂದರೆಗಳನ್ನು ಒಟ್ಟುಗೂಡಿಸಿ, ಪ್ರತಿಯೊಂದಕ್ಕೂ ಬಲ್ಲವರನ್ನು ತಜ್ಞರ ಸಮಿತಿಯು ಹುಡುಕಲಿ. ಪ್ರಸ್ತಾವಗಳನ್ನು ಮೊದಲ ಸುತ್ತಿನಲ್ಲಿ ಹೆಸರು ಕಾಣದಂತೆ ಓದಲಿ. ನಾಲ್ಕನೆಯದಾಗಿ, ಯಾರೂ ಕೇಳದಿದ್ದರೂ ಜನರು ತಿಳಿಯಲೇಬೇಕಾದ ಹೊಸ ವಿಷಯಕ್ಕೆ ಸಮಿತಿಯು ಸ್ವಂತ ಹೊಣೆಯ ಮೇಲೆ ಒಂದು ಪಾಲನ್ನು ಕಾದಿರಿಸಲಿ. ಕಡೆಯದಾಗಿ, ಆಯ್ದುದಕ್ಕೂ ಬಿಟ್ಟುದಕ್ಕೂ ಎರಡೆರಡು ಸಾಲಿನ ಕಾರಣವನ್ನು ಪ್ರಕಟಿಸಲಿ.

ಹಣದ ಮಾತನ್ನು ಬಿಟ್ಟರೆ ಈ ಲೇಖನವು ಅಪೂರ್ಣವಾದೀತು. ಸಮ್ಮೇಳನಕ್ಕೆ ಹಣ ಕೊಟ್ಟ ಕಂಪೆನಿಗಳಿಗೆ ವೇದಿಕೆಯ ಹೊತ್ತನ್ನು ಮಾರುವ ಪದ್ಧತಿ ಹಲವು ಕಡೆ ಇದೆ. ಹಣವಿಲ್ಲದೆ ಸಮ್ಮೇಳನವಿಲ್ಲವೆಂಬುದು ನಮಗೆ ಗೊತ್ತು. ಜಾಹೀರಾತಿಲ್ಲದೆ ಪತ್ರಿಕೆಯೂ ಇಲ್ಲ. ಆದರೆ ಪತ್ರಿಕೆಯಲ್ಲಿ ಜಾಹೀರಾತಿಗೆ ಜಾಹೀರಾತೆಂದು ಗುರುತು ಹಾಕುವುದು ಧರ್ಮ. ಅದರಂತೆ ಹಣಕ್ಕೆ ಕೊಂಡ ಗೋಷ್ಠಿಗೆ ಹಾಗೆಂದು ಕಾರ್ಯಕ್ರಮದಲ್ಲಿಯೇ ಗುರುತು ಹಾಕಲಿ. ಸಭಿಕರ ಮತವನ್ನು ಕೇಳಿದಂತೆ ಮಾಡಿ, ಮೊದಲೇ ಮಾರಿದ್ದ ಕಾರ್ಯಕ್ರಮವನ್ನು ಮುಂದಿಡುವುದು ಕೇಳದೆ ಇರುವುದಕ್ಕಿಂತ ಕೆಟ್ಟದ್ದು. ಒಂದು ಸಲ ಮೋಸಹೋದವನು ಎರಡನೆಯ ಸಲ ಉತ್ತರ ಬರೆಯುವುದಿಲ್ಲ.

ಸಭಿಕರ ಮೇಲೆಯೂ ಹೊಣೆಯಿದೆ. ಕೇಳಿದಾಗ ಸುಮ್ಮನಿದ್ದು, ಸಮ್ಮೇಳನವು ನೀರಸವಾಯಿತೆಂದು ಆಮೇಲೆ ಗೊಣಗುವವನಿಗೆ ದೂರುವ ಅಧಿಕಾರವಿಲ್ಲ. ಕರೆಯುವವರು ಕೇಳಲಿ, ಬರುವವರು ಹೇಳಲಿ. ಇದರಿಂದ ಕಾರ್ಯಕರ್ತರ ಗೌರವಕ್ಕೆ ಕುಂದಿಲ್ಲ. ಸಭೆಯು ಸಭಿಕರದೆಂಬ ಭಾವನೆ ಹುಟ್ಟಿದರೆ ಬರುವ ವರ್ಷದ ಕುರ್ಚಿಗಳು ತಾವಾಗಿಯೇ ತುಂಬುವುವು.