ಹುಲ್ಲಿನೊಳಗಿನ ಕಾವಲುಗಾರ

ಹಸುರು ಹುಲ್ಲುಗಾವಲು ಕಣ್ಣಿಗೆ ತಂಪು. ಆದರೆ ನ್ಯೂಜಿಲೆಂಡಿನ ರೈ ಹುಲ್ಲಿನ ಒಡಲಲ್ಲಿ ಬರಿಗಣ್ಣಿಗೆ ಕಾಣದ ಶಿಲೀಂಧ್ರವೊಂದು ಮನೆಮಾಡಿಕೊಂಡಿರುವುದನ್ನು ವಾಚಕರು ಬಲ್ಲರೇ? ಬೀಜದಿಂದ ಬೀಜಕ್ಕೆ ವಂಶಪಾರಂಪರ್ಯವಾಗಿ ಸಾಗಿಬರುವ ಈ ಒಕ್ಕಲು, ಆಶ್ರಯವಿತ್ತ ಹುಲ್ಲಿನ ಋಣವನ್ನು ವಿಷದ ಮೂಲಕ ತೀರಿಸುತ್ತದೆ. ಅದು ತಯಾರಿಸುವ ಪೆರಮೀನ್ ಎಂಬ ರಸಾಯನವು, ಹುಲ್ಲಿಗೆ ಮೃತ್ಯುಪ್ರಾಯವಾದ ಅರ್ಜೆಂಟೈನಾ ಮೂತಿಹುಳುವನ್ನು ದೂರವಿಡುತ್ತದೆ.

ಆದರೆ ವಿಷಕ್ಕೆ ಶತ್ರುಮಿತ್ರರ ಭೇದವೆಲ್ಲಿ? ಈ ಹುಳುವನ್ನು ನಿಗ್ರಹಿಸಲೆಂದೇ 1991ರಲ್ಲಿ ದಕ್ಷಿಣ ಅಮೆರಿಕದಿಂದ ಪುಟ್ಟ ಕಣಜವೊಂದನ್ನು ತರಿಸಲಾಯಿತು. ಅದು ಮೊಟ್ಟೆಯಿಡುವುದು ಹುಳುವಿನ ಮೈಯೊಳಗೆ. ಹುಳು ತಿಂದದ್ದು ಶಿಲೀಂಧ್ರವುಳ್ಳ ಹುಲ್ಲಾದರೆ ಕಣಜದ ಮರಿಯ ಬೆಳವಣಿಗೆ ಕುಂಠಿತವಾಗುವುದು! ಇಂಥ ಹುಲ್ಲಿನ ರಸ ಹೀರಿದ ಸಸ್ಯಹೇನುಗಳನ್ನು ಭಕ್ಷಿಸಿದ ಗುಲಗಂಜಿಹುಳುಗಳ ಸಂತಾನಶಕ್ತಿಯೂ ಕುಗ್ಗಿತೆಂದು 2006ರಲ್ಲಿ ಪ್ರಕಟವಾದ ಪ್ರಯೋಗವೊಂದು ತಿಳಿಸಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ ಶಿಲೀಂಧ್ರವುಳ್ಳ ಫೆಸ್ಕ್ಯೂ ಹುಲ್ಲಿನ ತಾಕುಗಳಲ್ಲಿ ಜೇಡಗಳ ಬಗೆಗಳೇ ಕಡಮೆಯಾಗಿದ್ದುವು.

ದನಕುರಿಗಳನ್ನು ತತ್ತರಿಸುವಂತೆ ಮಾಡುವ ಲೋಲಿಟ್ರೆಮ್ ವಿಷವಿಲ್ಲದ, ಆದರೆ ಪೆರಮೀನನ್ನು ಉಳಿಸಿಕೊಂಡ ಶಿಲೀಂಧ್ರದ ತಳಿಯನ್ನು ವಿಜ್ಞಾನಿಗಳು ಈಗಾಗಲೇ ಆರಿಸಿ ರೈತರಿಗೆ ಒದಗಿಸಿದ್ದಾರೆ. ದನವನ್ನು ಲೆಕ್ಕಕ್ಕೆ ಹಿಡಿದಂತೆ ಕಣಜ, ಜೇಡಗಳನ್ನೂ ಹಿಡಿಯಬೇಕು. ಸಂಬಳವಿಲ್ಲದೆ ಹೊಲ ಕಾಯುವ ಆಳುಗಳನ್ನು ಕಳೆದುಕೊಂಡ ರೈತನಿಗೆ, ಒಳಗಿನ ಕಾವಲುಗಾರನೊಬ್ಬನೇ ಸಾಲುವನೇ?