ಬಾರ್ಲಿ ವೈನ್ ಸಿಹಿ ಏಕೆ?

ಹೆಸರಿನಲ್ಲಿ ವೈನ್ ಇದ್ದರೂ ಬಾರ್ಲಿ ವೈನ್‌ಗೂ ದ್ರಾಕ್ಷಿಗೂ ಸಂಬಂಧವಿಲ್ಲ. ಅದು ಬಾರ್ಲಿಯಿಂದ ತಯಾರಾಗುವ ಬಿಯರ್. ವೈನ್‌ನಷ್ಟು ಕಡುವಾಗಿರುವುದರಿಂದ ಈ ಹೆಸರು ಬಂದಿದೆ. ಇಂಗ್ಲೆಂಡಿನ ಬರ್ಟನ್ ಪಟ್ಟಣದಲ್ಲಿ ಬಾಸ್ ಕಂಪೆನಿ ತಯಾರಿಸುತ್ತಿದ್ದ 'ನಂಬರ್ 1' ಇದರ ಹೆಸರಾಂತ ಮಾದರಿ. ಸಾಮಾನ್ಯ ಬಿಯರ್‌ನಲ್ಲಿ ಮದ್ಯಸಾರ ಶೇ 5ರ ಆಸುಪಾಸಿನಲ್ಲಿದ್ದರೆ, ಬಾರ್ಲಿ ವೈನ್‌ನಲ್ಲಿ ಶೇ 8ರಿಂದ 12ರವರೆಗೆ ಇರುತ್ತದೆ.

ಬಿಯರ್ ಕಾರ್ಖಾನೆಗಳಲ್ಲಿ ರುಚಿ ನೋಡಿ ತೀರ್ಪು ಹೇಳುವ ಪರಿಣತರಿರುತ್ತಾರೆ. ಪೀಪಾಯಿಯಲ್ಲಿ ಮಾಗಿದ ಬಾರ್ಲಿ ವೈನ್ ಮುಂದೆ ಬಂದಾಗ ಅವರು ಮೊದಲು ಲೋಟವನ್ನು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾರೆ. ಅದು ಜೋನಿಬೆಲ್ಲದಂತೆ ಕೆಂಪು ಬೆರೆತ ಕಂದು. ಮೂಸಿದರೆ ಒಣದ್ರಾಕ್ಷಿ, ಖರ್ಜೂರ, ವೆನಿಲ್ಲಾದ ಪರಿಮಳ. ಗುಟುಕು ನಾಲಿಗೆಗೆ ತಾಕಿದರೆ ದಟ್ಟ ಸಿಹಿ, ಹಿಂದೆಯೇ ತುಸು ಕಹಿ, ಕೊನೆಗೆ ಗಂಟಲಲ್ಲಿ ಬಿಸಿ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ ಎಂದು ವಿದ್ಯಾರ್ಥಿಗಳು ಓದಿದ್ದಾರೆ. 180 ಗ್ರಾಂ ಗ್ಲೂಕೋಸ್‌ನಿಂದ 92 ಗ್ರಾಂ ಮದ್ಯಸಾರ, 88 ಗ್ರಾಂ ಅನಿಲ. ಹಾಗಿದ್ದರೆ ಮದ್ಯಸಾರ ಹೆಚ್ಚಿದಷ್ಟೂ ಸಿಹಿ ಕಡಿಮೆಯಾಗಬೇಕಲ್ಲವೆ?

ಉತ್ತರ ಮೊಳಕೆಯಲ್ಲಿದೆ. ಬಾರ್ಲಿ ಮೊಳೆತಾಗ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಮೊಳಕೆಯ ಕಾಳನ್ನು ಒಣಗಿಸಿ, ಒಡೆದು ಬಿಸಿನೀರಿನಲ್ಲಿ ನೆನೆಸಿದಾಗ ಈ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಸಿಹಿಯಾಗುವುದೂ ಇದೇ ಕಾರಣಕ್ಕೆ. ಬಾರ್ಲಿ ವೈನ್‌ಗೆ ಬಹಳಷ್ಟು ಕಾಳು ಬಳಸಿ, ಬಂದ ಸಿಹಿರಸವನ್ನು ಹಲವು ಗಂಟೆ ಕುದಿಸಿ ಗಟ್ಟಿ ಮಾಡುತ್ತಾರೆ. ಯೀಸ್ಟ್ ತಿನ್ನಲು ತೊಡಗುತ್ತದೆ. ಆದರೆ ತಾನೇ ಮಾಡಿದ ಮದ್ಯಸಾರ ಏರಿದಂತೆಲ್ಲ ಅದಕ್ಕೇ ವಿಷವಾಗಿ, ಕೆಲಸ ನಿಧಾನವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ತಿನ್ನದೆ ಉಳಿದ ಸಕ್ಕರೆಯೇ ನಾಲಿಗೆಗೆ ಸಿಗುವ ಸಿಹಿ.

ಯೀಸ್ಟ್ ಎಷ್ಟು ತಿಂದಿತು ಎಂಬುದನ್ನು ಹೈಡ್ರೋಮೀಟರ್ ಹೇಳುತ್ತದೆ. ಸಕ್ಕರೆ ಕರಗಿದ ನೀರಿನಲ್ಲಿ ಅದು ಹೆಚ್ಚು ಮೇಲೆ ತೇಲುತ್ತದೆ. ರಸದ ಸಾಪೇಕ್ಷ ಸಾಂದ್ರತೆ ಮೊದಲು 1.100 ಇದ್ದು, ಕೊನೆಗೆ 1.025ಕ್ಕೆ ಇಳಿಯಿತೆನ್ನಿ. ವ್ಯತ್ಯಾಸವಾದ 0.075ನ್ನು 131ರಿಂದ ಗುಣಿಸಿದರೆ ಮದ್ಯಸಾರ ಸುಮಾರು ಶೇ 9.8.

ಮಿಕ್ಕ ರುಚಿ ಪೀಪಾಯಿಯದು. ಅಮೆರಿಕದ ಕಾನೂನಿನಂತೆ ಬೂರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಮರದ ಪಾತ್ರೆಯಲ್ಲೇ ಇಡಬೇಕು. ಹೀಗಾಗಿ ಒಮ್ಮೆ ಬಳಸಿದ, ಸುಮಾರು 200 ಲೀಟರಿನ ಪೀಪಾಯಿಗಳು ಬಿಯರ್ ತಯಾರಕರ ಕೈಸೇರುತ್ತವೆ. ಮರದ ಲಿಗ್ನಿನ್ ಬಿಸಿಗೆ ಒಡೆದು ವೆನಿಲಿನ್ ಆಗಿರುತ್ತದೆ. ವೆನಿಲ್ಲಾ ಕಾಯಿಯ ಪರಿಮಳವೂ ಇದರದೇ. ಮರದ ಮೂಲಕ ಒಳಸೇರುವ ಅಲ್ಪ ಆಮ್ಲಜನಕ ಒಣಹಣ್ಣಿನ ವಾಸನೆ ತರುತ್ತದೆ. ಹಾಪ್ಸ್ ಹೂವಿನ ಕಹಿಯೂ ಕಾಲಕ್ರಮದಲ್ಲಿ ಕುಂದುವುದರಿಂದ ಸಿಹಿ ಇನ್ನಷ್ಟು ಎದ್ದು ಕಾಣುತ್ತದೆ.

ಗಂಟಲಿನ ಬಿಸಿ ನಿಜವಾದ ಶಾಖವಲ್ಲ. ಮೆಣಸಿನಕಾಯಿಯ ಖಾರಕ್ಕೆ ಸ್ಪಂದಿಸುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನೇ ಮದ್ಯಸಾರವೂ ಕೆರಳಿಸುತ್ತದೆ. 1997ರಲ್ಲಿ ಇದನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಈ ಬಿಸಿ ಒಂದು ಎಚ್ಚರಿಕೆ. ಸಿಹಿ ಅದನ್ನು ಮರೆಮಾಡುತ್ತದೆ. ಸಿಹಿಯಾದದ್ದು ಸೌಮ್ಯವೆಂದು ಎಳೆಯರು ನಂಬುವುದು ಸುಲಭ. ಶೇ 10ರ ಬಾರ್ಲಿ ವೈನ್‌ನ 330 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 26 ಗ್ರಾಂ ಮದ್ಯಸಾರವಿರುತ್ತದೆ. ಅಷ್ಟನ್ನು ಕರಗಿಸಲು ವಯಸ್ಕರ ಯಕೃತ್ತಿಗೂ ಮೂರು ಗಂಟೆಗಿಂತ ಹೆಚ್ಚು ಬೇಕು. ಮದ್ಯ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ವರ್ಗೀಕರಿಸಿತು. ಯಾವ ಪ್ರಮಾಣವೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿತು. ಮನೆಯಲ್ಲಿ ಮಕ್ಕಳು ಈ ವಿಷಯ ಕೇಳಿದರೆ ಗದರಿ ಸುಮ್ಮನಾಗಿಸುವ ಬದಲು ಈ ಲೆಕ್ಕವನ್ನೇ ಅವರೆದುರು ಮಾಡಿ ತೋರಿಸಬಹುದು. ರುಚಿ ಹೇಳುವುದು ನಾಲಿಗೆಯ ಕೆಲಸ; ಕಡು ಎಷ್ಟೆಂದು ಹೇಳಬೇಕಾದದ್ದು ಅಳತೆ.