ಹಳೇ ನೋಟಿಗೆ ಸೋಪು ಬೇಡ, ಇಸ್ತ್ರಿ ಬೇಡ

ನಮ್ಮ ಕೈಗೆ ಹಳೇದು ಏನೇ ಸಿಗಲಿ, ಮೊದಲು ಅದನ್ನ ತೊಳೀಬೇಕು ಅನ್ಸುತ್ತೆ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು, ಬೆಳ್ಳಿ ದೀಪಕ್ಕೆ ವಿಭೂತಿ. ಅದೇ ಕೈ ಹಳೇ ನೋಟಿಗೂ ಹೋಗುತ್ತೆ. ಹೋಗಬಾರದು ಅನ್ನೋದೇ ಇವತ್ತಿನ ನನ್ನ ಮಾತು. ಹಾಳು ಮಾಡಿದವಳು ನಾನೇ, ಅದಕ್ಕೇ ಹೇಳ್ತಿದೀನಿ.

ಗೌರಿ ಹಬ್ಬಕ್ಕೆ ಮುಂಚೆ ಟ್ರಂಕ್ ಖಾಲಿ ಮಾಡುವಾಗ ನಮ್ಮತ್ತೆಯವರ ಧಾರೆ ಸೀರೆ ಮಡಿಕೇಲಿ ಏಳು ನೋಟು ಸಿಕ್ಕಿದ್ವು. ಅವರ ಅತ್ತೆ ಕೊಟ್ಟಿದ್ದಂತೆ. ಒಂದು ಐದು ರೂಪಾಯಿ ನೋಟಿನ ಮೇಲೆ ರಾಮರಾವ್ ಸಹಿ ಇತ್ತು. ಮಂಗಳೂರು ಕಡೆಯ ಬೆನಗಲ್ ಮನೆತನದವರು ಅವರು, 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ರು. ಆ ನೋಟಿನ ಮೂಲೇಲಿ ಅರಿಶಿನದ ಕಲೆ. ಮಾರಿದ್ರೆ ಅತ್ತೆಯವರ ಕಿವಿ ಮೆಷಿನ್‌ಗೆ ಸ್ವಲ್ಪ ಆಗುತ್ತೆ ಅಂತ ಆಸೆ. ಕಲೆ ತೆಗೆದ್ರೆ ಬೆಲೆ ಜಾಸ್ತಿ ಬರುತ್ತೆ ಅಂದ್ಕೊಂಡು ಬಟ್ಟೆ ತೊಳೆಯೋ ಪೌಡರ್ ನೀರಲ್ಲಿ ಅದ್ದಿದೆ. ಅರಿಶಿನ ಸೋಪಿಗೆ ಕೆಂಪಾಗೋದು ಗೊತ್ತಿದ್ದವಳೇ ಮರೆತೆ. ಇನ್ನೂ ತೊಳೆದೆ. ಆಮೇಲೆ ಇಸ್ತ್ರಿ ಹಾಕಿ, ಎಷ್ಟು ಚೆನ್ನಾಗಿದೆ ಅಂತ ಎಲ್ಲರಿಗೂ ತೋರಿಸಿದ್ದೂ ಆಯ್ತು.

ನೋಟು ಕೂಡಿಡೋ ಹವ್ಯಾಸ ಇರೋ ಹಿರಿಯರೊಬ್ಬರ ಹತ್ರ ತಗೊಂಡು ಹೋದ್ವಿ. ಅವರು ನೇರಳೆ ಬೆಳಕಿನ ಪುಟ್ಟ ಟಾರ್ಚ್ ಬಿಟ್ಟರು. ಆರು ನೋಟು ಮಂಕಾಗೇ ಇದ್ವು. ನಂದು ನೀಲಿಯಾಗಿ ಹೊಳೀತು. "ಇದಕ್ಕೆ ಸ್ನಾನ ಮಾಡ್ಸಿದೀರಲ್ಲಮ್ಮ" ಅಂದ್ರು. ಬಿಳಿ ಬಟ್ಟೆ ಹೊಳೀಲಿ ಅಂತ ಪೌಡರ್‌ಗೆ ಹಾಕಿರೋ ಬಿಳುಪು ಕಾರಕ ಕಾಗದಕ್ಕೆ ಅಂಟ್ಕೊಳ್ಳುತ್ತೆ. ನೋಟಿನ ಕಾಗದ ಹತ್ತಿ ನಾರಿಂದು, ಅದು ತಾನಾಗಿ ಹಂಗೆ ಹೊಳೆಯಲ್ಲ. ಇನ್ನು ಇಸ್ತ್ರಿ ಕಥೆ: ಹೊಸ ನೋಟಿನ ಮೇಲೆ ಬೆರಳಾಡಿಸಿದ್ರೆ ಶಾಯಿ ಉಬ್ಬಿರೋದು ಗೊತ್ತಾಗುತ್ತೆ. ಇಸ್ತ್ರಿ ಆ ಉಬ್ಬನ್ನೇ ಚಪ್ಪಟೆ ಮಾಡ್ಬಿಡುತ್ತೆ. ಮಡಿಕೆ ಗೆರೆ ಮಾತ್ರ ಎಲ್ಲೂ ಹೋಗಿರಲ್ಲ, ಓರೆಯಾಗಿ ಬೆಳಕಿಗೆ ಹಿಡಿದ್ರೆ ಕಾಣುತ್ತೆ.

ಅವರು ನೋಟಿನ ಸ್ಥಿತಿ ಅಳೆಯೋದು ನಾವು ಸೀರೆ ನೋಡೋ ಥರಾನೇ. ಒಂದು ಸಲಾನೂ ಮಡಿಸದೇ ಇರೋದು, ಮೂಲೆ ಚೂಪಾಗಿರೋದು ಯುಎನ್‌ಸಿ, ಅಂದ್ರೆ ಚಲಾವಣೆಗೇ ಹೋಗದ್ದು. ಎರಡು ಮೂರು ಸಣ್ಣ ಮಡಿಕೆ ಇದ್ರೆ ಎಕ್ಸ್‌ಟ್ರಾ ಫೈನ್. ಮಡಿಕೆ ಜಾಸ್ತಿ ಇದ್ರೂ ಕಾಗದ ಇನ್ನೂ ಗಟ್ಟಿ ಇದ್ರೆ ವೆರಿ ಫೈನ್. ಕೈಲಿ ಹಿಡಿದ್ರೆ ಹಳೇ ಪಂಚೆ ಥರ ಮೆತ್ತಗಾಗಿದ್ರೆ ಅದಕ್ಕೂ ಕೆಳಗೆ. ಎಡಗಡೆ ಪಿನ್ನಿನ ತೂತು ನೋಡಿ ಹೆದರಬೇಡಿ. ಆಗ ಬ್ಯಾಂಕಿನವರೇ ಕಟ್ಟಿಗೆ ಪಿನ್ ಹೊಡೀತಿದ್ರು, 2001ರಲ್ಲಿ ರಿಸರ್ವ್ ಬ್ಯಾಂಕ್ ನಿಲ್ಲಿಸೋಕೆ ಹೇಳ್ತು.

ಅಸಲಿಯೋ ನಕಲಿಯೋ ನೋಡೋಕೂ ಮನೇಲೇ ಶುರು ಮಾಡಬಹುದು. 1996ರಲ್ಲಿ ಗಾಂಧೀಜಿ ಸರಣಿ ಬರೋಕೆ ಮುಂಚಿನ ರಿಸರ್ವ್ ಬ್ಯಾಂಕ್ ನೋಟನ್ನ ಕಿಟಕಿ ಬೆಳಕಿಗೆ ಹಿಡಿದ್ರೆ ಸಾಮಾನ್ಯವಾಗಿ ಅಶೋಕ ಸ್ತಂಭದ ನೀರುಗುರುತು ಕಾಣಬೇಕು. ಸ್ವಾತಂತ್ರ್ಯ ಬರೋಕೆ ಮುಂಚಿನದಾದ್ರೆ ಲೆಕ್ಕ ಬೇರೆ. ಒಂದು ರೂಪಾಯಿ ನೋಟು ಭಾರತ ಸರ್ಕಾರದ್ದು, ಅದರಲ್ಲಿ ಹಣಕಾಸು ಕಾರ್ಯದರ್ಶಿ ಸಹಿ ಇರುತ್ತೆ. ಎರಡು ರೂಪಾಯಿಂದ ಮೇಲಕ್ಕೆ ಗವರ್ನರ್ ಸಹಿ. ಮನಮೋಹನ್ ಸಿಂಗ್ ಎರಡೂ ಹುದ್ದೆಲಿದ್ದವರು, ಅದಕ್ಕೇ ಎರಡು ಥರದ ನೋಟಲ್ಲೂ ಅವರ ಸಹಿ ಸಿಗುತ್ತೆ. ಅಂಚು ಕತ್ತರಿಸಿ ಮೂಲೆ ಚೂಪು ಮಾಡಿರ್ತಾರೆ, ಅದೇ ಥರದ್ದು ಇನ್ನೊಂದು ನೋಟಿನ ಪಕ್ಕ ಇಟ್ಟು ಅಳತೆ ನೋಡಿ.

ನಮ್ಮ ಬೀದೀಲಿ ಒಬ್ಬರು "ಹೇಳ್ದೇ ಬೇರೆ ಯಾರಿಗಾದ್ರೂ ಮಾರ್ಬಿಡಿ, ಎಲ್ಲರ ಹತ್ರಾನೂ ಟಾರ್ಚ್ ಇರುತ್ತಾ?" ಅಂದ್ರು. ಒಂದು ರಾತ್ರಿ ಯೋಚನೆ ಮಾಡಿದ್ದು ಸುಳ್ಳಲ್ಲ, ಕಿವಿ ಮೆಷಿನ್ ಕಣ್ಮುಂದೆ ಇತ್ತಲ್ಲ. ಆದ್ರೆ ಎರಡನೇ ಸಲ ಬಣ್ಣ ಹಾಕ್ಸಿದ ಸೀರೆಯನ್ನ ಹೊಸದು ಅಂತ ಯಾರಾದ್ರೂ ನಮಗೆ ಕೊಟ್ರೆ ಎಷ್ಟು ಬೈತೀವಿ? ನೋಟಿಗೂ ಅದೇ ನ್ಯಾಯ. ಮಡಿಕೆ ಇದ್ರೆ ಇದೆ ಅನ್ನಿ, ತೊಳೆದಿದ್ರೆ ತೊಳೆದಿದೀನಿ ಅನ್ನಿ. ಬೇರೆ ಆರನ್ನ ಆ ಹಿರಿಯರೇ ತಗೊಂಡ್ರು. ತೊಳೆದಿದ್ದು ನಮ್ಮನೇಲೇ ಉಳೀತು.

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. 786 ನಂಬರಿನ ನೋಟಿಗೆ ಲಕ್ಷ ಲಕ್ಷ ಕೊಡ್ತೀವಿ, ಮೊದಲು ಸ್ವಲ್ಪ ಫೀಸು ಕಟ್ಟಿ ಅಂತ ಫೋನ್ ಬರುತ್ತೆ. ಹಳೇ ನೋಟು, ನಾಣ್ಯದ ವ್ಯವಹಾರಕ್ಕೆ ನಾವು ಯಾವ ಫೀಸೂ ಕೇಳಲ್ಲ, ಕಮಿಷನ್ನೂ ಕೇಳಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಕೊಳ್ಳೋನು ದುಡ್ಡು ಕೊಡಬೇಕೇ ಹೊರತು ನಾವು ಅವನಿಗೆ ಕೊಡೋದಲ್ಲ ಕಣ್ರಮ್ಮ.

ನಿಮ್ಮನೇಲೂ ನೋಟು ಸಿಕ್ಕಿದ್ರೆ, ಒಣಗಿದ ಕೈಯಲ್ಲಿ ಅಂಚು ಹಿಡಿದು ಬಿಳಿ ಕಾಗದದ ಮಧ್ಯ ಇಟ್ಟು ಸುಮ್ನಿರಿ. ಟೇಪು, ಗೋಂದು ಬೇಡ. ಬೈಯಪ್ಪನಹಳ್ಳೀಲಿ ಮೆಟ್ರೋ ಹತ್ತಿ ಎಂ.ಜಿ. ರೋಡ್‌ನಲ್ಲಿ ಇಳಿದ್ರೆ ಬ್ರಂಟನ್ ರಸ್ತೆ ಹತ್ರ. ರಿಜ್ವಾನ್ ರಜಾಕ್ ಅವರು 2020ರಲ್ಲಿ ಅಲ್ಲಿ ಕಾಗದದ ದುಡ್ಡಿನ ಸಂಗ್ರಹಾಲಯ ಮಾಡಿದಾರೆ. ತೆಗೆದಿದ್ಯಾ ಅಂತ ಫೋನಲ್ಲಿ ಕೇಳ್ಕೊಂಡು ಹೋಗಿ, ಕಣ್ಣಿಗೆ ಅಭ್ಯಾಸ ಆಗುತ್ತೆ.

ನಮ್ಮ ಕೆಂಪು ಕಲೆ ನೋಟನ್ನ ಅತ್ತೆ ಮತ್ತೆ ಧಾರೆ ಸೀರೇಲೇ ಇಟ್ಟಿದಾರೆ. "ಅರಿಶಿನ ಇದ್ದಿದ್ರೆ ನಮ್ಮತ್ತೆ ಕೈ ಗುರುತು ಇರ್ತಿತ್ತು" ಅಂದ್ರು, ಅಷ್ಟೇ. ಬೈದಿದ್ರೆ ವಾಸಿ ಇತ್ತು.